ಒಡೆದ ಬ್ಯಾಂಡಿನ ಹೆಸರು, ಹೊಸ ಬ್ಯಾಂಡಿನ ಹಾಡು: ‘ಅಂತರಾಗ್ನಿ’ ಆಲ್ಬಂ ಹೇಳುವ ಕಥೆ

ಬ್ಯಾಡರಹಳ್ಳಿ (ಬೆಂಗಳೂರು): ನವೆಂಬರ್ ಬಂತೆಂದರೆ ಮಾಗಡಿ ರಸ್ತೆಯ ಎರಡೂ ಬದಿಯ ಬಡಾವಣೆಗಳಲ್ಲಿ ರಾಜ್ಯೋತ್ಸವದ ಪೆಂಡಾಲುಗಳು ಏಳುತ್ತವೆ. ಸಂಜೆ ಭಾಷಣ, ಸನ್ಮಾನಗಳು ಮುಗಿದ ಮೇಲೆ ಆರ್ಕೆಸ್ಟ್ರಾ. ಕಳೆದ ವರ್ಷ ಕೀಬೋರ್ಡ್ ನುಡಿಸಿದವನು ಈ ವರ್ಷ ಬೇರೆ ತಂಡದಲ್ಲಿರಬಹುದು, ರಿದಂ ಪ್ಯಾಡಿನ ಮುಂದೆ ಹೊಸ ಹುಡುಗ ಕುಳಿತಿರಬಹುದು. ಯಾರೂ ಅದನ್ನು ಗಮನಿಸುವುದಿಲ್ಲ, ಗಮನಿಸಬೇಕಾದ ಅಗತ್ಯವೂ ಇಲ್ಲ. ಏಕೆಂದರೆ ಅಲ್ಲಿ ಹಾಡು ತಂಡದ್ದಲ್ಲ. ಅದು ರಾಜನ್-ನಾಗೇಂದ್ರ ಅವರದು, ಹಂಸಲೇಖ ಅವರದು. ಕೇಳುಗರು ಬಂದಿರುವುದು ಹಾಡಿಗಾಗಿಯೇ ಹೊರತು ನುಡಿಸುವವರಿಗಾಗಿ ಅಲ್ಲ.

ಕರಾವಳಿಯ ಯಕ್ಷಗಾನ ಮೇಳಗಳಲ್ಲಿ ಲೆಕ್ಕಾಚಾರ ಕೊಂಚ ಬೇರೆ. ಪತ್ತನಾಜೆಯಂದು ಗೆಜ್ಜೆ ಬಿಚ್ಚಿದ ಕಲಾವಿದ ಮುಂದಿನ ತಿರುಗಾಟಕ್ಕೆ ಬೇರೆ ಮೇಳದಲ್ಲಿ ಗೆಜ್ಜೆ ಕಟ್ಟುವುದು ಹೊಸದೇನಲ್ಲ. ಭಾಗವತರು ಮೇಳ ಬಿಟ್ಟರೆ ಅಭಿಮಾನಿಗಳು ಗೊಣಗುತ್ತಾರೆ, ಕೆಲವರು ಅವರ ಹಿಂದೆಯೇ ಹೋಗುತ್ತಾರೆ. ಆದರೆ ಮೇಳ ನಿಲ್ಲುವುದಿಲ್ಲ. ಪ್ರಸಂಗ ಹಳೆಯದು, ಮೇಳದ ಹೆಸರು ದೇವಸ್ಥಾನದ್ದು ಅಥವಾ ಯಜಮಾನರದು.

ರಾಕ್ ಬ್ಯಾಂಡ್ ಎಂಬ ಸಂಸ್ಥೆಗೆ ಇವೆರಡರ ಆಸರೆಯೂ ಇಲ್ಲ. ನಾಲ್ಕೈದು ಮಂದಿ ಒಂದು ಕೋಣೆಯಲ್ಲಿ ಕುಳಿತು ತಾವೇ ಹಾಡು ಕಟ್ಟುತ್ತಾರೆ. ಒಬ್ಬನ ಕಂಠ, ಇನ್ನೊಬ್ಬನ ಗಿಟಾರಿನ ವರಸೆ, ಮತ್ತೊಬ್ಬನ ಡ್ರಮ್ಸ್ ಪೆಟ್ಟು ಸೇರಿ ಆ ಬ್ಯಾಂಡಿನ ನಾದವಾಗುತ್ತದೆ. ಅವರಲ್ಲೊಬ್ಬ ಎದ್ದು ಹೋದರೆ ಕುರ್ಚಿಯೊಂದೇ ಖಾಲಿಯಾಗುವುದಿಲ್ಲ, ನಾದದ ಒಂದು ಪಾಲೂ ಹೋಗುತ್ತದೆ. ಹಾಗಾಗಿಯೇ ಸದಸ್ಯರು ಬದಲಾದ ನಂತರ ಬರುವ ಮೊದಲ ಆಲ್ಬಂ ಯಾವುದೇ ಬ್ಯಾಂಡಿಗೆ ಅಗ್ನಿಪರೀಕ್ಷೆ. ಕನ್ನಡದ ಮಟ್ಟಿಗೆ ಇಂಥ ಪರೀಕ್ಷೆಯನ್ನು ಅತ್ಯಂತ ಸ್ಪಷ್ಟವಾಗಿ ಎದುರಿಸಿದ ಆಲ್ಬಂ ಯಾವುದೆಂದು ಕೇಳಿದರೆ, 2008ರಲ್ಲಿ ಬಿಡುಗಡೆಯಾದ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ ಚೊಚ್ಚಲ ಆಲ್ಬಮನ್ನೇ ಹೆಸರಿಸಬೇಕು. ಅದರ ಶೀರ್ಷಿಕೆ ‘ಅಂತರಾಗ್ನಿ’. ಮೂರು ವರ್ಷ ಮೊದಲು ಚದುರಿಹೋಗಿದ್ದ ಬ್ಯಾಂಡಿನ ಹೆಸರೂ ಅದೇ.

ಗೆಜ್ಜೆಯಿಂದ ಗಿಟಾರಿಗೆ

ರಘು ದೀಕ್ಷಿತ್ ಅವರು ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಸೂಕ್ಷ್ಮಜೀವಶಾಸ್ತ್ರ, ಅದರಲ್ಲಿ ಚಿನ್ನದ ಪದಕ. ಕಲಿತದ್ದು ಭರತನಾಟ್ಯ. ಗಂಡುಹುಡುಗ ಗೆಜ್ಜೆ ಕಟ್ಟುವುದನ್ನು ಸಹಪಾಠಿಯೊಬ್ಬ ಹಂಗಿಸಿದಾಗ, ‘ನಾನು ಗಿಟಾರ್ ಕಲಿಯುತ್ತೇನೆ, ನೀನು ಭರತನಾಟ್ಯ ಕಲಿ’ ಎಂಬರ್ಥದ ಪಂಥ ಕಟ್ಟಿ ಗಿಟಾರ್ ಕೈಗೆತ್ತಿಕೊಂಡದ್ದನ್ನು ಅವರು ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಮುಂದೆ ವಿಜ್ಞಾನಿಯಾಗಿ ಬೆಲ್ಜಿಯಂಗೆ ಹೋದರು. ಅಲ್ಲಿನ ಬಾನುಲಿಯಲ್ಲಿ ತಮ್ಮ ಹಾಡು ಪ್ರಸಾರವಾದ ಅನುಭವವೇ ಅವರನ್ನು ಉದ್ಯೋಗದಿಂದ ಸಂಗೀತದತ್ತ ತಿರುಗಿಸಿತು. ಊರಿಗೆ ಮರಳಿದರು.

‘ಅಂತರಾಗ್ನಿ’ ಹುಟ್ಟಿದ್ದು ಇಬ್ಬರ ಜೋಡಿಯಿಂದ. ಒಬ್ಬರು ರಘು, ಇನ್ನೊಬ್ಬರು ಪಿಟೀಲು ವಾದಕ ಎಚ್.ಎನ್. ಭಾಸ್ಕರ್. ಶಾಸ್ತ್ರೀಯ ಸಂಗೀತದ ಕಟ್ಟುನಿಟ್ಟಿನ ತರಬೇತಿ ಪಡೆದ ಪಿಟೀಲೊಂದು, ಸಂಗೀತದ ಪಾಠವನ್ನು ಕ್ರಮಬದ್ಧವಾಗಿ ಕಲಿಯದ ದೊಡ್ಡ ಕಂಠವೊಂದು. ಈ ವಿರೋಧವೇ ಆ ಬ್ಯಾಂಡಿನ ಆಕರ್ಷಣೆ. ಬೆಂಗಳೂರಿನ ವೇದಿಕೆಗಳಲ್ಲಿ ಇಂಗ್ಲಿಷ್ ಹಾಡುಗಳದ್ದೇ ಮೆರೆದಾಟವಿದ್ದ ಕಾಲದಲ್ಲಿ ತಂಡವು ದೇಶಿ ಭಾಷೆಗಳಲ್ಲಿ ಹಾಡಿತು ಎಂಬುದು ಸಣ್ಣ ಸಂಗತಿಯಲ್ಲ. 2005ರ ಹೊತ್ತಿಗೆ ತಂಡ ಚದುರಿತು. ಭಾಸ್ಕರ್ ಅವರು ಕರ್ನಾಟಕ ಸಂಗೀತ ಕಛೇರಿಗಳ ಬೇಡಿಕೆಯ ಪಕ್ಕವಾದ್ಯಗಾರರಾಗಿ ಬೆಳೆದರು. ರಘು ಅವರ ಕೈಯಲ್ಲಿ ಉಳಿದದ್ದು ಕಂಠ, ಗಿಟಾರ್ ಮತ್ತು ಒಂದಷ್ಟು ಹಾಡು.

ಇಂಥ ಹೊತ್ತಿನಲ್ಲಿ ಬ್ಯಾಂಡುಗಳು ಸಾಮಾನ್ಯವಾಗಿ ಮಾಡುವುದು ಹೋದವರ ಜಾಗಕ್ಕೆ ಅವರಂಥವರನ್ನೇ ಹುಡುಕುವ ಕೆಲಸ. 1980ರ ಫೆಬ್ರುವರಿಯಲ್ಲಿ ಗಾಯಕ ಬಾನ್ ಸ್ಕಾಟ್ ತೀರಿಕೊಂಡಾಗ ಆಸ್ಟ್ರೇಲಿಯದ ಎಸಿ/ಡಿಸಿ ಬ್ರಯಾನ್ ಜಾನ್ಸನ್ ಅವರನ್ನು ಕರೆತಂದು ಅದೇ ಜುಲೈನಲ್ಲಿ ‘ಬ್ಯಾಕ್ ಇನ್ ಬ್ಲ್ಯಾಕ್’ ಆಲ್ಬಂ ಹೊರತಂದಿತು. ಹೊದಿಕೆ ಪೂರ್ತಿ ಕಪ್ಪು, ಅಗಲಿದವನಿಗೆ ಸೂತಕ. ಇಂಗ್ಲೆಂಡಿನ ಜೆನೆಸಿಸ್ ಬ್ಯಾಂಡಿನಿಂದ 1975ರಲ್ಲಿ ಪೀಟರ್ ಗೇಬ್ರಿಯಲ್ ಹೊರನಡೆದಾಗ ಹಲವು ಗಾಯಕರನ್ನು ಪರೀಕ್ಷಿಸಿ ಸೋತ ಮೇಲೆ ಡ್ರಮ್ಸ್ ನುಡಿಸುತ್ತಿದ್ದ ಫಿಲ್ ಕಾಲಿನ್ಸ್ ಅವರೇ ಹಾಡಿದರು. 1976ರ ‘ಎ ಟ್ರಿಕ್ ಆಫ್ ದಿ ಟೇಲ್’ ಹೀಗೆ ಬಂತು. ಎರಡೂ ಕಡೆ ಬ್ಯಾಂಡಿನ ಹೆಸರು ಹಾಗೆಯೇ ಉಳಿಯಿತು, ಗಾಯಕ ಬದಲಾದ.

ರಘು ಅವರು ಹಿಡಿದದ್ದು ಇದಕ್ಕೆ ತದ್ವಿರುದ್ಧ ದಾರಿ. ಗಾಯಕ ಉಳಿದ, ಹೆಸರು ಬದಲಾಯಿತು. ಬೇರೆ ಬೇರೆ ಬಗೆಯ ಸಂಗೀತಗಾರರು ಬಂದು ಸೇರಬಹುದಾದ, ಹೋಗಬಹುದಾದ ತೆರೆದ ಮನೆ ಎಂಬ ಕಲ್ಪನೆಯಲ್ಲಿ ‘ಪ್ರಾಜೆಕ್ಟ್’ ಎಂಬ ಪದವನ್ನು ಹೆಸರಿಗೇ ಸೇರಿಸಿಕೊಂಡರು. ಬಾಸ್ ಗಿಟಾರ್ ವಾದಕ ಗೌರವ್ ವಾಜ್ ಆರಂಭದ ದಿನಗಳ ಪ್ರಮುಖ ಜೊತೆಗಾರ. ಗಮನಿಸಿ, ಇದೊಂದು ಜಾಣ ನಾಮಕರಣ. ಸದಸ್ಯ ಬಿಟ್ಟುಹೋಗುವುದೇ ಅನಾಹುತ ಎನಿಸುವ ಜಾಗದಲ್ಲಿ, ಬಿಟ್ಟುಹೋಗುವುದನ್ನು ನಿಯಮವಾಗಿಯೇ ಒಪ್ಪಿಕೊಂಡ ಹೆಸರು. ಇಂಥ ತಂಡ ಒಡೆಯುವುದು ಕಷ್ಟ. ಏಕೆಂದರೆ ಇಡಿಯಾಗಿ ಇರುತ್ತೇನೆಂದು ಅದು ಮಾತು ಕೊಟ್ಟೇ ಇಲ್ಲ.

ಈ ಜಾಣತನಕ್ಕೆ ಬೆಲೆಯೂ ಇದೆ. ಹೆಸರಿನಲ್ಲಿ ಒಬ್ಬರೇ ಇದ್ದರೆ ಚಪ್ಪಾಳೆಯೂ ಒಬ್ಬರಿಗೇ. ಹಿಂದೆ ನಿಂತು ನುಡಿಸುವವರು ಎಷ್ಟೇ ಪ್ರತಿಭಾವಂತರಾದರೂ ಕೇಳುಗರ ನಾಲಗೆಯ ಮೇಲೆ ಅವರ ಹೆಸರು ನಿಲ್ಲುವುದಿಲ್ಲ. ಇದನ್ನು ಬ್ಯಾಂಡ್ ಎನ್ನಬೇಕೋ, ಒಬ್ಬ ಗಾಯಕ ಮತ್ತವರ ಪಕ್ಕವಾದ್ಯ ಎನ್ನಬೇಕೋ ಎಂಬ ಪ್ರಶ್ನೆ ಆಗಲೂ ಇತ್ತು, ಇಂದಿಗೂ ಬಗೆಹರಿದಿಲ್ಲ.

ಮುಂಬಯಿಯ ಬಾಗಿಲು

ಹೆಸರು ಬದಲಿಸಿದ ಮಾತ್ರಕ್ಕೆ ಆಲ್ಬಂ ಆಗುವುದಿಲ್ಲ. ಆಗಿನ ಸಂಗೀತ ಕಂಪನಿಗಳಿಗೆ ಸಿನಿಮಾ ಹಾಡು ಬೇಕಿತ್ತು, ಇಲ್ಲವೇ ಭಕ್ತಿಗೀತೆ. ಗಿಟಾರ್ ಹಿಡಿದು ಶಿಶುನಾಳ ಷರೀಫರನ್ನು ಹಾಡುವ ಮೈಸೂರಿನ ಯುವಕನನ್ನು ಯಾವ ಕಪಾಟಿನಲ್ಲಿ ಇಡಬೇಕೆಂಬುದೇ ಅವರಿಗೆ ತಿಳಿಯಲಿಲ್ಲ. ವರ್ಷಗಳ ಕಾಲ ಬಾಗಿಲು ತಟ್ಟಿದ ಮೇಲೆ ಮುಂಬಯಿಯ ಕಾರ್ಯಕ್ರಮವೊಂದರಲ್ಲಿ ಹಿಂದಿ ಚಿತ್ರರಂಗದ ಸಂಗೀತ ನಿರ್ದೇಶಕ ಜೋಡಿ ವಿಶಾಲ್-ಶೇಖರ್ ಇವರ ಹಾಡು ಕೇಳಿದರು. ವಿಶಾಲ್ ದದ್ಲಾನಿ ಅವರು ಸ್ವತಃ ‘ಪೆಂಟಾಗ್ರಾಮ್’ ಎಂಬ ರಾಕ್ ಬ್ಯಾಂಡಿನ ಗಾಯಕರು ಎಂಬುದನ್ನು ಇಲ್ಲಿ ನೆನೆಯಬೇಕು. ತಮ್ಮ ‘ಕೌಂಟರ್ ಕಲ್ಚರ್ ರೆಕಾರ್ಡ್ಸ್’ ಸಂಸ್ಥೆಯ ಮೂಲಕ ಅವರೇ ಆಲ್ಬಂ ಹೊರತಂದರು.

ಆಲ್ಬಮಿನಲ್ಲಿ ಹಿಂದಿ ಇದೆ, ಇಂಗ್ಲಿಷ್ ಇದೆ, ಕನ್ನಡವೂ ಇದೆ. ಕನ್ನಡದ ಎರಡೂ ಷರೀಫರವು: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನಿಯ ಮಾಳಿಗಿ’. ಕನ್ನಡಿಗರಿಗೆ ಈ ಪದಗಳು ಹೊಸವಲ್ಲ. ಭಾವಗೀತೆಯ ವೇದಿಕೆಗಳ ಮೂಲಕ ಸಿ. ಅಶ್ವತ್ಥ್ ಅವರು ಷರೀಫರನ್ನು ಮನೆಮನೆಗೆ ತಲುಪಿಸಿದ್ದರು, ಟಿ.ಎಸ್. ನಾಗಾಭರಣ ನಿರ್ದೇಶನದ 1990ರ ‘ಸಂತ ಶಿಶುನಾಳ ಷರೀಫ’ ಚಿತ್ರದ ಹಾಡುಗಳನ್ನು ಕೇಳದ ಮನೆ ಅಪರೂಪ. ಅಶ್ವತ್ಥ್ ಅವರ ಏರುಕಂಠದ ನೆರಳಿನಲ್ಲಿ ನಿಂತು ಅದೇ ಕವಿಯನ್ನು ಬೇರೆ ಧಾಟಿಯಲ್ಲಿ ಹಾಡುವುದು ಧೈರ್ಯದ ಕೆಲಸ. ರಘು ಅವರ ಹಾಡಿಕೆಯಲ್ಲಿ ಗುಡುಗುಡಿಯ ಪದ ಜನ ಎದ್ದು ಕುಣಿಯುವ ಹಾಡಾಯಿತು. ಮಾಳಿಗೆಯ ಪದ ಮಾತ್ರ ಕುಣಿಸುವುದಿಲ್ಲ. ಅದನ್ನು ಕತ್ತಲೆಯಲ್ಲಿ ಒಬ್ಬರೇ ಕೇಳಬೇಕು. ಈ ವರದಿಗಾರನ ಮಟ್ಟಿಗೆ ಆಲ್ಬಮಿನ ಹೃದಯ ಅಲ್ಲೇ ಇದೆ.

ತಂಡ ಒಡೆದ ಮೇಲೆ ಬಂದ ಆಲ್ಬಮನ್ನು ಹಾಗೆಂದು ತಿಳಿದು ಕೇಳಿದರೆ ಇನ್ನೊಂದು ವಿಷಯ ಹೊಳೆಯುತ್ತದೆ. ಪಿಟೀಲು ವಾದಕ ಹೋದರೂ ಪಿಟೀಲು ಹೋಗಲಿಲ್ಲ. ಬೇರೆ ಕೈ ಅದನ್ನು ಎತ್ತಿಕೊಂಡಿತು. ಹಾಡುಗಳು ಆ ವಾದ್ಯಕ್ಕೆ ಜಾಗ ಬಿಟ್ಟೇ ಕಟ್ಟಿದಂಥವು. ಅದನ್ನು ತೆಗೆದರೆ ಗೋಡೆಯಲ್ಲಿ ಕಿಟಕಿಯ ತೂತು ಉಳಿದಂತೆ ಆಗುತ್ತಿತ್ತು. ಹಳೆಯ ಬ್ಯಾಂಡಿನ ಹೆಸರನ್ನು ಆಲ್ಬಮಿಗೆ ಇಟ್ಟದ್ದು ಬರೀ ಅಭಿಮಾನದಿಂದ ಅಲ್ಲವೆಂದು ತೋರುತ್ತದೆ. ಸಾಲ ಎಲ್ಲಿಯದು ಎಂಬುದನ್ನು ಮುಖಪುಟದಲ್ಲೇ ಬರೆದಂತೆ ಅದು.

2010ರಲ್ಲಿ ಬಿಬಿಸಿಯ ‘ಲೇಟರ್... ವಿತ್ ಜೂಲ್ಸ್ ಹಾಲೆಂಡ್’ ಕಾರ್ಯಕ್ರಮದಲ್ಲಿ ತಂಡ ಕಾಣಿಸಿಕೊಂಡಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ ಬಂತು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ ಕಟ್ಟಿ ವಿದೇಶಿ ವೇದಿಕೆ ಏರಿದ ಗಾಯಕನ ಚಿತ್ರ ಎಲ್ಲೆಡೆ ಪ್ರಕಟವಾಯಿತು. ಕಾಲೇಜಿನಲ್ಲಿ ಹಂಗಿಸಿಕೊಂಡ ಗೆಜ್ಜೆ ಅಲ್ಲಿ ಗುರುತಾಯಿತು. 2013ರಲ್ಲಿ ಎರಡನೆಯ ಆಲ್ಬಂ ‘ಜಗ್ ಚಂಗಾ’ ಹೊರಬಂದಾಗಲೂ ಅದರಲ್ಲಿ ಷರೀಫರ ‘ಲೋಕದ ಕಾಳಜಿ’ ಇತ್ತು.

ಹಾಡು ಯಾರದ್ದು?

ಇಷ್ಟು ಕಥೆ ಅಭಿಮಾನಿಗಳಿಗೆ ಗೊತ್ತಿರುವಂಥದ್ದೇ. ಆದರೆ ಬ್ಯಾಂಡ್ ಒಡೆದಾಗ ಹಾಡು ಯಾರ ಪಾಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದಿಲ್ಲ. ತಾರಸಿಯ ಮೇಲಿನ ಶೀಟಿನ ಕೋಣೆಯಲ್ಲಿ ಗೋಡೆಗೆ ಥರ್ಮಕೋಲ್ ಅಂಟಿಸಿಕೊಂಡು ಅಭ್ಯಾಸ ಮಾಡುವ ಹುಡುಗರಂತೂ ಕೇಳಿಕೊಳ್ಳುವುದೇ ಇಲ್ಲ. ಗೆಳೆತನದಲ್ಲಿ ಕಾಗದಪತ್ರ ಏಕೆ ಎಂಬ ಭಾವನೆ. ಕಾನೂನು ಗೆಳೆತನವನ್ನು ನೋಡುವುದಿಲ್ಲ.

ಮೊದಲಿಗೆ, ಒಂದು ಹಾಡು ಎಂಬುದು ಕಾನೂನಿನ ಕಣ್ಣಲ್ಲಿ ಒಂದಲ್ಲ, ಮೂರು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಒಂದು ಕೃತಿ, ರಾಗ ಸಂಯೋಜನೆ ಇನ್ನೊಂದು ಕೃತಿ, ಧ್ವನಿಮುದ್ರಿಕೆ ಮೂರನೆಯದು. ಸಾಹಿತ್ಯದ ಹಕ್ಕು ಬರೆದವನದು. ಸಂಗೀತದ ಹಕ್ಕು ಸಂಯೋಜಿಸಿದವನದು, ಅವನು ಸ್ವರಲಿಪಿ ಬರೆದಿಟ್ಟಿರಲಿ ಬಿಡಲಿ. ಧ್ವನಿಮುದ್ರಿಕೆಯ ಹಕ್ಕು ಅದರ ನಿರ್ಮಾಪಕನದು, ಎಂದರೆ ಮುದ್ರಣದ ಹೊಣೆ ಹೊತ್ತವನದು. ಆಲ್ಬಂ ಕಂಪನಿಯದ್ದಾಗಿದ್ದರೆ ಸಾಮಾನ್ಯವಾಗಿ ಈ ಮೂರನೆಯದು ಬ್ಯಾಂಡಿನ ಕೈಯಲ್ಲಿ ಇರುವುದೇ ಇಲ್ಲ. ಮೊದಲ ಎರಡರ ಅವಧಿ ಕರ್ತೃ ತೀರಿಕೊಂಡ ಮೇಲೆ 60 ವರ್ಷ, ಮೂರನೆಯದಕ್ಕೆ ಪ್ರಕಟವಾದಾಗಿನಿಂದ 60 ವರ್ಷ.

ಇನ್ನು ಗಿಟಾರ್ ನುಡಿಸಿದವನ ಕಥೆ. ಹಾಡಿನ ನಡುವಿನ ಆ ಹದಿನಾರು ಆವರ್ತದ ಗಿಟಾರ್ ಅವನ ಕೈಚಳಕವೇ ಆಗಿದ್ದರೂ, ಅವನು ಸಂಯೋಜಕನೋ ಬರೀ ವಾದಕನೋ ಎಂಬಲ್ಲಿ ಜಗಳ ಹುಟ್ಟುತ್ತದೆ. ಇಬ್ಬರ ಕೊಡುಗೆಯನ್ನು ಬೇರ್ಪಡಿಸಲು ಬಾರದಂತೆ ಬೆರೆತಿದ್ದರೆ ಅದು ಜಂಟಿ ಕೃತಿ, ಇಬ್ಬರೂ ಕರ್ತೃಗಳು. ಬರೀ ವಾದಕನೆಂದಾದರೆ ಅವನಿಗಿರುವುದು ಪ್ರದರ್ಶಕನ ಹಕ್ಕು. ಅದರ ಅವಧಿ 50 ವರ್ಷ. 2012ರ ಜೂನ್‌ನಿಂದ ಜಾರಿಗೆ ಬಂದ ತಿದ್ದುಪಡಿ ಪ್ರದರ್ಶಕರಿಗೂ ವಾಣಿಜ್ಯ ಬಳಕೆಯ ಗೌರವಧನದಲ್ಲಿ ಪಾಲು ಹೇಳಿತು. ಗೀತರಚನೆಕಾರ, ಸಂಯೋಜಕರು ಗೌರವಧನ ಪಡೆಯುವ ಹಕ್ಕನ್ನು ಕಂಪನಿಗೆ ಬರೆದುಕೊಟ್ಟು ಕಳೆದುಕೊಳ್ಳದಂತೆ ತಡೆಯಿತು. ಅದಕ್ಕೂ ಮೊದಲು ಒಂದಿಷ್ಟು ಸಾವಿರಕ್ಕೆ ಎಲ್ಲವನ್ನೂ ಬರೆದುಕೊಟ್ಟು ಬಂದ ಸಂಗೀತಗಾರರ ಸಂಖ್ಯೆ ಕಡಿಮೆಯೇನಲ್ಲ.

ಈ ಬೆಳಕಿನಲ್ಲಿ ‘ಅಂತರಾಗ್ನಿ’ ಆಲ್ಬಮಿನ ಕನ್ನಡ ಹಾಡುಗಳನ್ನು ನೋಡಿ. ಷರೀಫರ ಕಾಲ 1819ರಿಂದ 1889. ಅವರ ಪದಗಳಿಗೆ ಇಂದು ಹಕ್ಕುದಾರರು ಯಾರೂ ಇಲ್ಲ, ಅಥವಾ ಕನ್ನಡಿಗರೆಲ್ಲರೂ ಹಕ್ಕುದಾರರು. ಬ್ಯಾಂಡ್ ಬಿಟ್ಟು ಹೋಗುವ ಯಾವ ಸದಸ್ಯನೂ ಆ ಸಾಹಿತ್ಯವನ್ನು ಹೊತ್ತೊಯ್ಯಲಾರ. ಉಳಿದವನೂ ಅದನ್ನು ತನ್ನದೆನ್ನಲಾರ. ಆದರೆ ಅದೇ ಪದಕ್ಕೆ ಒಬ್ಬರು ಕಟ್ಟಿದ ರಾಗ ಮಾತ್ರ ಅವರದೇ. ಅಶ್ವತ್ಥ್ ಅವರ ಧಾಟಿ ಅಶ್ವತ್ಥ್ ಅವರದು, ಹೊಸಬರ ಧಾಟಿ ಹೊಸಬರದು. ಷರೀಫರನ್ನು ಹಾಡಲು ಯಾರ ಅನುಮತಿಯೂ ಬೇಡ, ಅಶ್ವತ್ಥ್ ಅವರ ಷರೀಫರನ್ನು ಹಾಡಿ ಸಿ.ಡಿ. ಮಾಡಲು ಬೇಕು. ಜನಪದ, ವಚನ, ದಾಸರ ಪದಗಳನ್ನು ರಾಕ್ ಧಾಟಿಗೆ ತರುವ ಕನ್ನಡ ಬ್ಯಾಂಡುಗಳು ಈ ಗೆರೆಯನ್ನು ತಿಳಿದಿರುವುದು ಒಳಿತು.

ಸದಸ್ಯ ಬದಲಾವಣೆಯ ಆಲ್ಬಮಿನಲ್ಲಿ ಹೆಸರು ಬಿಟ್ಟುಹೋಗುವ ವಿಚಿತ್ರಗಳೂ ಉಂಟು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿ ಹೋದ ಐರನ್ ಮೇಡನ್ ತಂಡದ ಗಾಯಕ ಬ್ರೂಸ್ ಡಿಕಿನ್ಸನ್ ಅವರು ತಂಡ ಸೇರಿದ್ದು 1981ರಲ್ಲಿ, ಪಾಲ್ ಡಿಯಾನೊ ಅವರ ಜಾಗಕ್ಕೆ. ಮರುವರ್ಷ ಬಂದ ‘ದಿ ನಂಬರ್ ಆಫ್ ದಿ ಬೀಸ್ಟ್’ ತಂಡವನ್ನು ಎಲ್ಲಿಗೋ ಒಯ್ದಿತು. ಆದರೆ ಆ ಆಲ್ಬಮಿನ ಗೀತರಚನೆಯ ಪಟ್ಟಿಯಲ್ಲಿ ಡಿಕಿನ್ಸನ್ ಅವರ ಹೆಸರಿಲ್ಲ. ಹಿಂದಿನ ಬ್ಯಾಂಡ್ ಸ್ಯಾಮ್ಸನ್ ಜೊತೆಗಿದ್ದ ಕರಾರಿನ ತೊಡಕೇ ಅದಕ್ಕೆ ಕಾರಣ.

ಹೆಸರು ಯಾರದ್ದು?

ಹಾಡಿಗಿಂತ ದೊಡ್ಡ ಜಗಳ ಹೆಸರಿನದು. 1985ರಲ್ಲಿ ಪಿಂಕ್ ಫ್ಲಾಯ್ಡ್ ಬಿಟ್ಟ ರೋಜರ್ ವಾಟರ್ಸ್, ತಾನಿಲ್ಲದೆ ಆ ಹೆಸರು ಇರಕೂಡದೆಂದು ಮರುವರ್ಷ ನ್ಯಾಯಾಲಯದ ಮೆಟ್ಟಿಲೇರಿದರು. ಉಳಿದವರು 1987ರಲ್ಲಿ ಅದೇ ಹೆಸರಿನಲ್ಲಿ ಹೊಸ ಆಲ್ಬಂ ತಂದರು. ಅದೇ ವರ್ಷದ ಕೊನೆಗೆ ರಾಜಿಯಾಯಿತು, ಹೆಸರು ಉಳಿದವರಿಗೇ ಸಂದಿತು.

ನಮ್ಮಲ್ಲಿ ಇಷ್ಟು ದೂರ ಹೋದದ್ದು ಅಪರೂಪ. ಬೆಂಗಳೂರಿನ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಬ್ಯಾಂಡನ್ನೇ ನೋಡಿ. 1996ರಲ್ಲಿ ಹುಟ್ಟಿದಾಗ ತಂಡದಲ್ಲಿ ಮೂವರು ಮಲಯಾಳಿಗಳು, ನಾಲ್ಕನೆಯವರಾದ ಬ್ರೂಸ್ ಲೀ ಮಣಿ ಕಾಲುಭಾಗ ಮಲಯಾಳಿ. ‘ಮೂರೂಕಾಲು ಮಲಯಾಳಿಗಳು’ ಎಂಬ ಹಾಸ್ಯವೇ ಹೆಸರಾಯಿತು. ಕಾಲಕ್ರಮೇಣ ಬಾಸ್ ನುಡಿಸುವವರು ಬದಲಾದರು, ಲೆಕ್ಕ ತಪ್ಪಿತು, ಹೆಸರು ತಪ್ಪಲಿಲ್ಲ. ಮಣಿ ಮತ್ತು ಡ್ರಮ್ಸ್ ವಾದಕ ರಾಜೀವ್ ರಾಜಗೋಪಾಲ್ ಜೊತೆಗಿದ್ದರೆ ಅದೇ ಬ್ಯಾಂಡ್ ಎಂದು ಕೇಳುಗರು ಒಪ್ಪಿಕೊಂಡಿದ್ದಾರೆ. 2012ರಲ್ಲಿ ಬದಲಾದ ಸದಸ್ಯರೊಂದಿಗೆ ಮೂರು ಸಿ.ಡಿ.ಗಳ ‘3 ವೀಲ್ಸ್ 9 ಲೈವ್ಸ್’ ಎಂಬ ಆಲ್ಬಂ ತಂದಾಗ ಹೆಸರಿನ ಬಗ್ಗೆ ತಕರಾರು ಎದ್ದಂತೆ ಕಾಣದು. ಮೂರು ಚಕ್ರವೆಂದರೆ ಆಟೋರಿಕ್ಷಾ ಎಂಬುದನ್ನು ಬೆಂಗಳೂರಿಗರಿಗೆ ವಿವರಿಸಬೇಕಿಲ್ಲ.

ದೆಹಲಿಯ ‘ಇಂಡಿಯನ್ ಓಷನ್’ ತಂಡದ್ದು ಬೇರೆಯೇ ಸಂಕಟ. ತಬಲಾ ವಾದಕ, ಗಾಯಕ ಅಶೀಮ್ ಚಕ್ರವರ್ತಿ ಅವರು 2009ರ ಡಿಸೆಂಬರ್ 25ರಂದು ತೀರಿಕೊಂಡಾಗ ಹೊಸ ಆಲ್ಬಮಿಗಾಗಿ ಅವರ ಧ್ವನಿ ಮುದ್ರಣವಾಗಿತ್ತು. ತಾವು ಅಭ್ಯಾಸ ಮಾಡುತ್ತಿದ್ದ ಕರೋಲ್ ಬಾಗಿನ ಹಳೆಯ ಮನೆಯ ವಿಳಾಸವನ್ನೇ ಹೆಸರಾಗಿಸಿಕೊಂಡ ‘16/330 ಖಜೂರ್ ರೋಡ್’ ಆಲ್ಬಮನ್ನು 2010ರಲ್ಲಿ ಒಂದೊಂದೇ ಹಾಡಾಗಿ, ಉಚಿತವಾಗಿ ಕೇಳುಗರಿಗೆ ಕೊಟ್ಟರು. ಅಗಲಿದವರು ಆ ಆಲ್ಬಮಿನಲ್ಲಿ ಇನ್ನೂ ಹಾಡುತ್ತಲೇ ಇದ್ದಾರೆ.

ಒಡಂಬಡಿಕೆ ಬರೆಯದ ಬ್ಯಾಂಡ್ ಒಡೆದರೆ ಏನಾಗುತ್ತದೆ? ಬಂದ ಸಂಭಾವನೆಯನ್ನು ಹಂಚಿಕೊಳ್ಳುತ್ತ ಜೊತೆಯಾಗಿ ನಡೆಸುತ್ತಿದ್ದ ತಂಡವನ್ನು ನ್ಯಾಯಾಲಯ ಪಾಲುದಾರಿಕೆ ಎಂದು ಪರಿಗಣಿಸಲು ಅವಕಾಶವಿದೆ. ಹಾಗಾದರೆ 1932ರ ಪಾಲುದಾರಿಕೆ ಕಾಯ್ದೆ ಅನ್ವಯ. ಬೇರೆ ಕರಾರು ಇಲ್ಲದಿದ್ದಲ್ಲಿ ಲಾಭದಲ್ಲಿ ಎಲ್ಲರಿಗೂ ಸಮಪಾಲು: ಹತ್ತು ಹಾಡು ಬರೆದವನಿಗೂ, ಹತ್ತು ದಿನಕ್ಕೊಮ್ಮೆ ಅಭ್ಯಾಸಕ್ಕೆ ಬಂದವನಿಗೂ. ಅವಧಿ ಗೊತ್ತುಮಾಡದ ಪಾಲುದಾರಿಕೆಯನ್ನು ಯಾರಾದರೊಬ್ಬರು ಲಿಖಿತ ನೋಟಿಸ್ ಕೊಟ್ಟು ಮುಗಿಸಬಹುದು. ಹೆಸರಿಗಿರುವ ಕೀರ್ತಿಯೂ ಪಾಲುದಾರಿಕೆಯ ಆಸ್ತಿಯೇ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಬ್ಯಾಂಡಿನ ಹೆಸರನ್ನು 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿ ನೋಂದಾಯಿಸಬಹುದು. ಮನರಂಜನಾ ಸೇವೆಗಳು 41ನೇ ವರ್ಗದಲ್ಲಿ ಬರುತ್ತವೆ. ಆನ್‌ಲೈನ್ ಅರ್ಜಿಗೆ ವ್ಯಕ್ತಿಗಳು ಮತ್ತು ಸಣ್ಣ ಉದ್ದಿಮೆಗಳಾದರೆ ₹4,500, ಇತರರಿಗೆ ₹9,000. ಸಾಹಿತ್ಯಕ್ಕೆ ಅಥವಾ ಸಂಗೀತ ಕೃತಿಗೆ ಕೃತಿಸ್ವಾಮ್ಯ ನೋಂದಣಿ ಶುಲ್ಕ ಕೃತಿಯೊಂದಕ್ಕೆ ₹500, ಧ್ವನಿಮುದ್ರಿಕೆಗೆ ₹2,000. ಕೃತಿಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ, ಹಾಡು ಹುಟ್ಟಿದೊಡನೆ ಹಕ್ಕೂ ಹುಟ್ಟುತ್ತದೆ. ಆದರೆ ವಿವಾದ ಬಂದಾಗ ಯಾರು ಏನು ಮಾಡಿದರು ಎಂಬುದಕ್ಕೆ ದಾಖಲೆ ಬೇಕು. ಇದಕ್ಕೆ ವಕೀಲರೇ ಬೇಕೆಂದಿಲ್ಲ. ಹಾಡು ಮುಗಿದ ದಿನವೇ ಒಂದು ಹಾಳೆಯಲ್ಲಿ ಸಾಹಿತ್ಯ ಯಾರದು, ರಾಗ ಯಾರದು, ಯಾರಿಗೆ ಎಷ್ಟು ಪಾಲು, ಒಬ್ಬರು ಹೊರಹೋದರೆ ಹೆಸರು ಯಾರಿಗೆ ಎಂದು ಬರೆದು, ದಿನಾಂಕ ಹಾಕಿ, ಎಲ್ಲರೂ ಸಹಿ ಮಾಡಿ ಇಟ್ಟುಕೊಂಡರೆ ಸಾಕು.